ಚೈನ್, ಗೇರ್, ಬೆಲ್ಟ್: ಪರ್ಫಾರ್ಮೆನ್ಸ್ ಎಂಜಿನ್ನಿಗೆ ಯಾವ ಕ್ಯಾಮ್ ಡ್ರೈವ್?

ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್ ಕ್ರ್ಯಾಂಕ್, ವಾಲ್ವುಗಳನ್ನು ತೆರೆಯುವ ಶಾಫ್ಟ್ ಕ್ಯಾಮ್. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್‌ಶಾಫ್ಟ್ ಒಂದು ಸುತ್ತು ತಿರುಗಬೇಕು. ನಾಲ್ಕು ಸ್ಟ್ರೋಕಿನ ಯಾವ ಎಂಜಿನ್ನಿಗಾದರೂ ಇದೇ ಲೆಕ್ಕ. ಇವೆರಡನ್ನೂ ಜೋಡಿಸುವ ಸಾಮಾನು, ಅಂದರೆ ಕ್ಯಾಮ್ ಡ್ರೈವ್, ಯಾವುದಿರಬೇಕು ಅನ್ನುವ ಜಗಳ ಮಾತ್ರ ಮುಗಿಯುವುದೇ ಇಲ್ಲ. ಒಬ್ಬ ಚೈನ್ ಸಾಕು ಅನ್ನುತ್ತಾನೆ. ಇನ್ನೊಬ್ಬ ಗೇರ್ ಹಾಕಿಸಿ ಅದರ ಕೂಗು ಕೇಳಿ ಖುಷಿಪಡುತ್ತಾನೆ. ಮೂರನೆಯವನು ರೇಸ್ ಕಾರಿನಲ್ಲಿ ಬೆಲ್ಟ್ ನೋಡಿ ಬಂದು ತನಗೂ ಅದೇ ಬೇಕು ಅನ್ನುತ್ತಾನೆ.

ಮೊದಲೇ ಹೇಳಿಬಿಡುತ್ತೇನೆ. ಡ್ರೈವ್ ಬದಲಾಯಿಸಿದ ಮಾತ್ರಕ್ಕೆ ಹಾರ್ಸ್‌ಪವರ್ ಬರುವುದಿಲ್ಲ. ಕ್ಯಾಮ್ ಇರಬೇಕಾದ ಡಿಗ್ರಿಯಲ್ಲಿ ಕೂರಬೇಕು, ಆರ್‌ಪಿಎಂ ಏರಿದಾಗಲೂ ಅಲ್ಲೇ ಇರಬೇಕು, ಒಂದು ವರ್ಷ ಓಡಿದ ಮೇಲೂ ಅಲ್ಲೇ ಇರಬೇಕು. ಇಷ್ಟನ್ನು ಕಡಿಮೆ ತಲೆನೋವಿನಲ್ಲಿ ಮಾಡಿಕೊಡುವ ಡ್ರೈವೇ ನಿಮ್ಮ ಎಂಜಿನ್ನಿಗೆ ಸರಿಯಾದದ್ದು.

ಉದಾಹರಣೆಗೆ ಷೆವ್ರೊಲೆಯ ಸ್ಮಾಲ್ ಬ್ಲಾಕ್ ವಿ8 ತೆಗೆದುಕೊಂಡಿದ್ದೇನೆ. 1955ರಲ್ಲಿ 265 ಘನ ಇಂಚಿನ, ಅಂದರೆ ಸುಮಾರು 4.3 ಲೀಟರಿನ ಎಂಜಿನ್ನಾಗಿ ಬಂದದ್ದು ಅದು. ಕ್ಯಾಮ್ ಬ್ಲಾಕಿನೊಳಗೇ ಇದೆ, ಕ್ರ್ಯಾಂಕಿನ ನೇರ ಮೇಲೆ. ಹಾಗಾಗಿ ಒಂದೇ ಬ್ಲಾಕಿಗೆ ಮೂರೂ ಬಗೆಯ ಡ್ರೈವ್ ಅಮೆರಿಕದ ಅಂಗಡಿಗಳಲ್ಲಿ ರೆಡಿಯಾಗಿ ಸಿಗುತ್ತವೆ. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆ ಎಂಜಿನ್ ಇಲ್ಲ. ಕ್ಯಾಮ್ ಹೆಡ್ಡಿನ ಮೇಲಿರುವ ಎಂಜಿನ್‌ಗಳಲ್ಲಿ ಕಂಪನಿ ಕೊಟ್ಟದ್ದನ್ನೇ ಇಟ್ಟುಕೊಳ್ಳಬೇಕು. ಅವುಗಳ ಬಗ್ಗೆ ಕೊನೆಯಲ್ಲಿ ಸ್ವಲ್ಪ ಹೇಳುತ್ತೇನೆ.

ಹಂತ 1: ಕ್ಯಾಟಲಾಗ್ ಮುಚ್ಚಿಟ್ಟು ಒಂದು ಚೀಟಿ ಬರೆಯಿರಿ

ಈ ಗಾಡಿ ಎಲ್ಲಿ ಓಡುತ್ತದೆ? ರಸ್ತೆಯಲ್ಲೋ, ಟ್ರ್ಯಾಕಿನಲ್ಲೋ, ಕಾಲು ಮೈಲಿ ಡ್ರ್ಯಾಗಿನಲ್ಲೋ? ಗರಿಷ್ಠ ಆರ್‌ಪಿಎಂ ಎಷ್ಟು? ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗ್ ಒತ್ತಡ ಎಷ್ಟು? ಟ್ಯಾಪೆಟ್ ಅಂದರೆ ಕ್ಯಾಮಿನ ನೂಕನ್ನು ವಾಲ್ವಿನ ಕಡೆ ದಾಟಿಸುವ ತುಂಡು. ಒಳಗೆ ಆಯಿಲ್ ತುಂಬಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ಟಿನ ರಸ್ತೆ ಎಂಜಿನ್ನಿಗೂ, 600 ಪೌಂಡ್ ದಾಟುವ ಸಾಲಿಡ್ ರೋಲರ್, ಅಂದರೆ ತುದಿಗೆ ಉರುಳೆ ಇರುವ ಗಟ್ಟಿ ಟ್ಯಾಪೆಟ್ಟಿನ ಎಂಜಿನ್ನಿಗೂ ಒಂದೇ ಉತ್ತರ ಇಲ್ಲ.

ಆಮೇಲೆ ಬ್ಲಾಕಿನ ವಿಚಾರ. ಕ್ರ್ಯಾಂಕ್ ಕೂರುವ ಮೇನ್ ಬೇರಿಂಗ್ ಜಾಗಕ್ಕೆ ಲೈನ್ ಬೋರಿಂಗ್, ಅಂದರೆ ಎಲ್ಲ ಒಂದೇ ಸಾಲಿಗೆ ಬರುವಂತೆ ಕೊರೆಯುವ ಕೆಲಸ, ಆಗಿದೆಯಾ? ಬ್ಲಾಕ್ ಬೀಡಿನದೋ ಅಲ್ಯುಮಿನಿಯಂದೋ? ಕ್ಯಾಮ್ ಮೂಲ ಜಾಗದಲ್ಲೇ ಇದೆಯೋ, ರೇಸ್ ಬ್ಲಾಕುಗಳಲ್ಲಿ ಮಾಡುವ ಹಾಗೆ ಮೇಲಕ್ಕೆ ಎತ್ತಿದ್ದಾರೋ? ಎತ್ತಿದ್ದರೆ ಮಾಮೂಲಿ ಸೆಟ್ ಕೂರುವುದೇ ಇಲ್ಲ. ಇಗ್ನಿಷನ್ ಕಂಪ್ಯೂಟರಿನದಾದರೆ ನಾಕ್ ಸೆನ್ಸರ್ ಇದೆಯಾ ನೋಡಿ.

ಕೊನೇ ಪ್ರಶ್ನೆಯೇ ಮುಖ್ಯ, ಎಲ್ಲರೂ ಬಿಡುವುದೂ ಅದನ್ನೇ. ಕ್ಯಾಮ್ ಟೈಮಿಂಗನ್ನು ನೀವು ನಿಜವಾಗಿ ಎಷ್ಟು ಸಲ ಬದಲಾಯಿಸುತ್ತೀರಿ? ಒಮ್ಮೆ ಕೂರಿಸಿ ಮರೆತುಬಿಡುವವರಿಗೂ, ಶಕ್ತಿ ಅಳೆಯುವ ಡೈನೋ ಯಂತ್ರದ ಮೇಲಿಟ್ಟು ಎರಡೆರಡು ಡಿಗ್ರಿ ಸರಿಸಿ ನೋಡುವವರಿಗೂ ಬೇಕಾದ ಸಾಮಾನು ಬೇರೆ ಬೇರೆ.

ಹಂತ 2: ಈ ಡ್ರೈವ್ ಹೊರುವ ಭಾರ ಎಂಥದ್ದು ಅಂತ ತಿಳಿಯಿರಿ

ಕ್ಯಾಮನ್ನು ತಿರುಗಿಸುವುದು ಒಂದೇ ಸಮನೆ ಎಳೆಯುವ ಕೆಲಸ ಅಲ್ಲ. ಕ್ಯಾಮಿನ ಉಬ್ಬು, ಅಂದರೆ ಲೋಬ್, ಟ್ಯಾಪೆಟ್ಟನ್ನು ಎತ್ತುವಾಗ ಸ್ಪ್ರಿಂಗ್ ಕ್ಯಾಮನ್ನು ಹಿಂದಕ್ಕೆ ತಡೆಯುತ್ತದೆ. ಲೋಬಿನ ಮೂಗು ದಾಟಿದ ತಕ್ಷಣ ಅದೇ ಸ್ಪ್ರಿಂಗ್ ಕ್ಯಾಮನ್ನು ಮುಂದಕ್ಕೆ ನೂಕುತ್ತದೆ. ವಿ8ನಲ್ಲಿ ಇಂಥ ಲೋಬ್‌ಗಳು 16. ಒಂದು ತಡೆಯುವಾಗ ಇನ್ನೊಂದು ನೂಕುತ್ತಿರುತ್ತದೆ. ಹೀಗೆ ಜಗ್ಗಾಟ ನಡೆದೇ ಇರುತ್ತದೆ.

ಅತ್ತ ಕ್ರ್ಯಾಂಕೂ ಸುಮ್ನೆ ತಿರುಗುವುದಿಲ್ಲ. ಒಂದೊಂದು ಸಿಲಿಂಡರ್ ಹೊತ್ತಿಕೊಂಡಾಗಲೂ ಅದು ಕೂದಲೆಳೆಯಷ್ಟು ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಈ ನಡುಕ ಕ್ರ್ಯಾಂಕಿನ ಮುಂದಿನ ತುದಿಯಲ್ಲೇ ಜಾಸ್ತಿ. ಡ್ಯಾಂಪರ್ ಪುಲ್ಲಿಯನ್ನು ಅಲ್ಲಿ ಹಾಕುವುದು ಅದಕ್ಕೇ. ಟೈಮಿಂಗ್ ಸೆಟ್ ಇರುವುದೂ ಅದೇ ತುದಿಯಲ್ಲಿ.

ಹಾಗಾಗಿ ಪ್ರತಿ ಡ್ರೈವಿಗೂ ಎರಡು ಪ್ರಶ್ನೆ ಕೇಳಬೇಕು. ಟೈಮಿಂಗ್ ಎಷ್ಟು ನಿಖರವಾಗಿ ಹಿಡಿಯುತ್ತದೆ? ಕ್ರ್ಯಾಂಕಿನ ನಡುಕವನ್ನು ಎಷ್ಟರಮಟ್ಟಿಗೆ ಕ್ಯಾಮಿಗೆ ದಾಟಿಸುತ್ತದೆ? ಜನ ಮೊದಲನೆಯದನ್ನು ಮಾತ್ರ ಕೇಳಿ ಗೇರ್ ತಂದುಬಿಡುತ್ತಾರೆ.

ಸಣ್ಣ ಲೆಕ್ಕ ಒಂದಿದೆ. ಕ್ಯಾಮ್ ಸ್ಪ್ರಾಕೆಟ್ಟಿನ, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರದ, ತ್ರಿಜ್ಯ 50 ಮಿಮೀ ಅಂದುಕೊಳ್ಳಿ. ಬಿಗಿಯಾಗಿರುವ ಕಡೆ ಚೈನ್ 1 ಮಿಮೀ ಉದ್ದವಾದರೆ ಕ್ಯಾಮ್ ಸುಮಾರು 1.15 ಡಿಗ್ರಿ ಹಿಂದೆ ಬೀಳುತ್ತದೆ. ಕ್ರ್ಯಾಂಕ್ ಲೆಕ್ಕದಲ್ಲಿ ಅದು ದುಪ್ಪಟ್ಟು, 2.3 ಡಿಗ್ರಿ. ಕ್ಯಾಮ್ ಹಿಂದೆ ಬಿದ್ದರೆ ಕೆಳಗಿನ ಆರ್‌ಪಿಎಂನ ಪಿಕಪ್ ಇಳಿಯುತ್ತದೆ, ಶಕ್ತಿ ಮೇಲಿನ ಆರ್‌ಪಿಎಂ ಕಡೆ ಸರಿಯುತ್ತದೆ. ಹಳೇ ಗಾಡಿಯ ಪಿಕಪ್ ಸತ್ತುಹೋಗಿದೆ ಅಂತ ಜನ ಕಾರ್ಬ್ಯುರೇಟರ್ ಬಿಚ್ಚುತ್ತಾರಲ್ಲ, ಎಷ್ಟೋ ಸಲ ತಪ್ಪು ಚೈನಿನದಾಗಿರುತ್ತದೆ.

ಹಂತ 3: ಮೊದಲು ಚೈನನ್ನೇ ಪರೀಕ್ಷಿಸಿ

ಹಿಂದಿನ ದಶಕಗಳ ಎಷ್ಟೋ ಷೆವ್ರೊಲೆ, ಅಂದರೆ ಷೆವಿಗಳಲ್ಲಿ ಕಂಪನಿಯಿಂದಲೇ ಬರುತ್ತಿದ್ದದ್ದು ಸದ್ದಿಲ್ಲದ ಪಟ್ಟಿ ಚೈನ್. ಸದ್ದು ಇನ್ನೂ ಕಡಿಮೆಯಾಗಲಿ ಅಂತ ಕ್ಯಾಮ್ ಸ್ಪ್ರಾಕೆಟ್ಟನ್ನು ಅಲ್ಯುಮಿನಿಯಂನಲ್ಲಿ ಮಾಡಿ ಹಲ್ಲುಗಳಿಗೆ ನೈಲಾನ್ ಹೊದಿಸುತ್ತಿದ್ದರು. ಬಿಸಿಗೆ, ವಯಸ್ಸಿಗೆ ಆ ನೈಲಾನ್ ಬಿರುಕು ಬಿಟ್ಟು ಉದುರುತ್ತದೆ. ಉದುರಿದ ಚೂರು ಆಯಿಲ್ ಚೇಂಬರಿಗೆ ಬಿದ್ದು ಪಂಪಿನ ಸ್ಟ್ರೈನರಿಗೆ ಅಂಟಿಕೊಳ್ಳುತ್ತದೆ. ಆಯಿಲ್ ಪ್ರೆಶರ್ ಹೋಗುತ್ತದೆ, ಅದರ ಹಿಂದೆ ಬೇರಿಂಗ್ ಹೋಗುತ್ತದೆ. ಹಳೇ ಎಂಜಿನ್ ತಂದಿದ್ದರೆ ಬೇರೇನೂ ಮಾಡದಿದ್ದರೂ ಈ ಸ್ಪ್ರಾಕೆಟ್ ತೆಗೆದು ಎಸೆಯಿರಿ. ಚೇಂಬರ್ ಬಿಚ್ಚಿ ಚೂರುಗಳನ್ನೂ ಹುಡುಕಿ ತೆಗೆಯಿರಿ.

ಅದರ ಜಾಗಕ್ಕೆ ಬರುವುದು ಡಬಲ್ ರೋಲರ್ ಚೈನ್, ಅಂದರೆ ಎರಡು ಸಾಲಿನದು. ಕೊಳ್ಳುವಾಗ ರೋಲರ್ ನಿಜವಾಗಿ ತಿರುಗುತ್ತದಾ ಅಂತ ಬೆರಳಲ್ಲಿ ತಿರುಗಿಸಿ ನೋಡಿ. ನೋಡಲು ರೋಲರ್ ಥರ ಇದ್ದು ತಿರುಗದೇ ಇರುವ ಅಗ್ಗದ ಚೈನುಗಳೂ ಇವೆ. ಸ್ಪ್ರಾಕೆಟ್ ಉಕ್ಕಿನದಿರಲಿ. ಕ್ಲಾಯ್ಸ್‌ನಂಥ ಹೆಸರುಳ್ಳ ಕಂಪನಿಗಳ ಸೆಟ್‌ಗಳಲ್ಲಿ ಕ್ರ್ಯಾಂಕ್ ಸ್ಪ್ರಾಕೆಟ್ಟಿಗೆ ಮೂರು ಅಥವಾ ಒಂಬತ್ತು ಕೀವೇ, ಅಂದರೆ ಕೀಲಿ ಕೂರುವ ಸೀಳು, ಇರುತ್ತವೆ. ಮೂರಿದ್ದರೆ ನೇರ, 4 ಡಿಗ್ರಿ ಮುಂದೆ, 4 ಡಿಗ್ರಿ ಹಿಂದೆ. ಒಂಬತ್ತಿದ್ದರೆ ಎರಡೆರಡು ಡಿಗ್ರಿಯ ಹೆಜ್ಜೆಯಲ್ಲಿ 8ರವರೆಗೆ ಹೋಗಬಹುದು.

ಚೈನ್ ಹಿಗ್ಗಿದೆ ಅನ್ನುತ್ತೇವಲ್ಲ, ಉಕ್ಕು ಹಿಗ್ಗುವುದಿಲ್ಲ. ಸೈಕಲ್ ಚೈನಿನಲ್ಲಿ ಆಗುವ ಹಾಗೆ ಒಂದೊಂದು ಪಿನ್ನೂ ಚೂರು ಚೂರು ಸವೆಯುತ್ತದೆ, ಎಲ್ಲ ಕೊಂಡಿಗಳ ಸವೆತ ಸೇರಿ ಉದ್ದ ಬರುತ್ತದೆ. ಸ್ಮಾಲ್ ಬ್ಲಾಕಿನಲ್ಲಿ ಟೆನ್ಷನರ್ ಇಲ್ಲ, ಹಾಗಾಗಿ ಈ ಸಡಿಲವನ್ನು ಎಳೆದುಕೊಳ್ಳುವವರು ಯಾರೂ ಇಲ್ಲ. ಹೊಸ ಚೈನನ್ನು ಹಾಕುವ ಮುಂಚೆ ಎಂಜಿನ್ ಆಯಿಲಿನಲ್ಲಿ ನೆನೆಸಿಡಿ. ಮೊದಲ ನಿಮಿಷಗಳಲ್ಲಿ ಒಣಗಿ ಓಡಿದ ಚೈನ್ ಬೇಗ ಸವೆಯುತ್ತದೆ.

ಇಲ್ಲಿ ಲೈನ್ ಬೋರಿಂಗ್ ಮಾತು ಬರುತ್ತದೆ. ಕ್ರ್ಯಾಂಕಿಗೂ ಕ್ಯಾಮಿಗೂ ಮಧ್ಯದ ಅಂತರ ಸುಮಾರು 115 ಮಿಮೀ. ಮೇನ್ ಕ್ಯಾಪ್ ಉಜ್ಜಿ ಲೈನ್ ಬೋರಿಂಗ್ ಮಾಡಿದರೆ ಕ್ರ್ಯಾಂಕ್ ಸ್ವಲ್ಪ ಮೇಲೆ, ಕ್ಯಾಮ್ ಕಡೆಗೆ ಸರಿಯುತ್ತದೆ. ಐದು ಹತ್ತು ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು) ಸರಿದರೂ ಹೊಸ ಚೈನ್ ಮೊದಲ ದಿನವೇ ಜೋತು ಬೀಳುತ್ತದೆ. ಇದಕ್ಕೆಂದೇ 5 ಥೌ, 10 ಥೌ ಗಿಡ್ಡ ಮಾಡಿದ ಸೆಟ್‌ಗಳು ಸಿಗುತ್ತವೆ. ಲೇತ್ ಅಂಗಡಿಯವರು ಎಷ್ಟು ತೆಗೆದಿದ್ದಾರೆ ಅಂತ ಬಿಲ್ ಮೇಲೆ ಬರೆಸಿಕೊಳ್ಳಿ. ಬಾಯಿಮಾತಿಗೆ ಬಿಟ್ಟರೆ ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಚೈನಿನ ನಿಜವಾದ ಕಿರಿಕಿರಿ ಬೇರೆ. ಟೈಮಿಂಗ್ ಎರಡು ಡಿಗ್ರಿ ಸರಿಸಬೇಕೆಂದರೆ ಡ್ಯಾಂಪರ್ ಬಿಚ್ಚು, ವಾಟರ್ ಪಂಪ್ ಬಿಚ್ಚು, ಕವರ್ ಬಿಚ್ಚು, ಮತ್ತೆ ಗ್ಯಾಸ್ಕೆಟ್ ಹಚ್ಚು. ಇದಕ್ಕೆ ಅರ್ಧ ಪರಿಹಾರ ಎರಡು ತುಂಡಿನ ಕವರ್. ಮುಂದಿನ ತುಂಡು ಮಾತ್ರ ತೆಗೆದು, ಹೊಂದಿಸುವ ಕ್ಯಾಮ್ ಸ್ಪ್ರಾಕೆಟ್ ಇದ್ದರೆ ಅಲ್ಲೇ ಸರಿಸಬಹುದು. ರಸ್ತೆ ಗಾಡಿಗೂ, ಕೆಲವು ಸಲ ಮಾತ್ರ ಟ್ರ್ಯಾಕಿಗೆ ಹೋಗುವ ಗಾಡಿಗೂ ಇದರಾಚೆ ಯೋಚಿಸಬೇಕಾದ ಅಗತ್ಯ ಅಪರೂಪ.

ಹಂತ 4: ಗೇರ್ ಬೇಕೆಂದರೆ ಯಾಕೆ ಅಂತ ಕೇಳಿಕೊಳ್ಳಿ

ಕ್ರ್ಯಾಂಕ್ ಗೇರ್ ನೇರವಾಗಿ ಕ್ಯಾಮ್ ಗೇರನ್ನು ಹಿಡಿದರೆ ಕ್ಯಾಮ್ ಉಲ್ಟಾ ತಿರುಗುತ್ತದೆ. ಷೆವಿಯ ಇನ್‌ಲೈನ್ ಆರು ಸಿಲಿಂಡರ್ ಎಂಜಿನ್‌ಗಳು ಹಾಗೇ ಮಾಡಿದ್ದವು, ಅವುಗಳ ಕ್ಯಾಮನ್ನೂ ಅದಕ್ಕೆ ಹೊಂದುವಂತೆ ಮಾಡಿದ್ದರು. ಸ್ಮಾಲ್ ಬ್ಲಾಕಿನ ಮಾಮೂಲಿ ಕ್ಯಾಮ್ ಕ್ರ್ಯಾಂಕ್ ತಿರುಗುವ ಕಡೆಗೇ ತಿರುಗಬೇಕು. ಹಾಗಾಗಿ ಮಧ್ಯದಲ್ಲಿ ಐಡ್ಲರ್ ಗೇರ್ ಬೇಕು.

ಎರಡು ಬಗೆ ಇವೆ. ಒಂದರಲ್ಲಿ ಎರಡು ಐಡ್ಲರ್‌ಗಳು ಒಂದು ಚೌಕಟ್ಟಿನಲ್ಲಿ ತೇಲುತ್ತಿರುತ್ತವೆ. ಬ್ಲಾಕಿಗೆ ಮಷಿನಿಂಗ್ ಕೆಲಸ ಬೇಡ, ಚೈನ್ ತೆಗೆದ ಜಾಗಕ್ಕೆ ಕೂರುತ್ತದೆ. ಪೀಟ್ ಜಾಕ್ಸನ್ ಹೆಸರಿನ ಸೆಟ್ ಇದರಲ್ಲಿ ಹಳೇದು. ಇನ್ನೊಂದರಲ್ಲಿ ಐಡ್ಲರಿನ ಶಾಫ್ಟ್ ಗಟ್ಟಿಯಾಗಿ ಒಂದೇ ಕಡೆ ನಿಲ್ಲುತ್ತದೆ. ಅದಕ್ಕೆ ಅಳತೆ ಹಿಡಿದು ಬ್ಲಾಕಿನ ಮೇಲೆ ಕೆಲಸ ಮಾಡಬೇಕು. ರೇಸಿಗೆ ಗೇರ್ ಅಂತ ಹೇಳುವವರು ಈ ಎರಡನೆಯದನ್ನು ಹೇಳುತ್ತಿದ್ದಾರೆ. ಮೊದಲನೆಯದು ಹೆಚ್ಚಾಗಿ ಸದ್ದಿಗೆ. ಸದ್ದಿನದು, ಸದ್ದಿಲ್ಲದ್ದು ಅಂತ ಬೇರೆ ಬೇರೆಯಾಗಿ ಮಾರುತ್ತಾರೆ ಅಂದಮೇಲೆ ತಿಳಿಯಿತಲ್ಲ!

ಗೇರಿನ ಲಾಭ ಏನೆಂದರೆ ಸವೆತ ಬಹಳ ಕಡಿಮೆ, ಟೈಮಿಂಗ್ ಕದಲುವುದಿಲ್ಲ. ನಷ್ಟವೂ ಅದೇ ಗುಣದಿಂದ ಬರುತ್ತದೆ. ಉಕ್ಕಿಗೆ ಉಕ್ಕು ಹಿಡಿದಿದೆ, ಮಧ್ಯದಲ್ಲಿ ಬಾಗುವಂಥದ್ದು ಏನೂ ಇಲ್ಲ. ಕ್ರ್ಯಾಂಕಿನ ನಡುಕ ಪೂರ್ತಿಯಾಗಿ ಕ್ಯಾಮಿಗೆ, ಅಲ್ಲಿಂದ ಟ್ಯಾಪೆಟ್ಟಿನ ಮೇಲಿನ ಉದ್ದ ಕಡ್ಡಿ ಪುಶ್‌ರಾಡಿಗೆ, ವಾಲ್ವಿಗೆ ಹೋಗುತ್ತದೆ.

ಇದಕ್ಕೆ ಕಾಸ್‌ವರ್ಥ್ ಡಿಎಫ್‌ವಿಗಿಂತ ಒಳ್ಳೆ ಸಾಕ್ಷಿ ಇಲ್ಲ. ಫಾರ್ಮುಲಾ ಒನ್ನಿನ ಈ 3 ಲೀಟರ್ ವಿ8 ತನ್ನ ಮೊದಲ ರೇಸಿಗೆ ಬಂದದ್ದು 1967ರ ಡಚ್ ಗ್ರ್ಯಾನ್ ಪ್ರಿಗೆ, ಝಾಂಡ್‌ವೋರ್ಟಿನಲ್ಲಿ. ಜಿಮ್ ಕ್ಲಾರ್ಕ್ ಆ ರೇಸನ್ನು ಗೆದ್ದೂಬಿಟ್ಟರು. ಅದರ ಕ್ಯಾಮ್‌ಗಳನ್ನು ತಿರುಗಿಸುತ್ತಿದ್ದದ್ದು ಗೇರ್ ಸಾಲು. ಆದರೆ ಗೇರುಗಳ ಹಲ್ಲು ಮುರಿಯತೊಡಗಿದವು. ಲೆಕ್ಕದ ಪ್ರಕಾರ ಹಲ್ಲಿಗೆ ಬೀಳುವ ಭಾರ ಜಾಸ್ತಿ ಇರಲಿಲ್ಲ, ಮುರಿಯುತ್ತಿದ್ದದ್ದು ಜಗ್ಗಾಟದ ಏಟಿಗೆ. ಎಂಜಿನ್ ರೂಪಿಸಿದ ಕೀತ್ ಡಕ್‌ವರ್ತ್ ಗೇರನ್ನು ಇನ್ನೂ ಗಟ್ಟಿ ಮಾಡಲು ಹೋಗಲಿಲ್ಲ. ಒಂದು ಗೇರಿನ ಹಬ್ಬಿನೊಳಗೆ ಪುಟ್ಟ ಪುಟ್ಟ ಉಕ್ಕಿನ ಸಲಾಕೆಗಳನ್ನು ಇಟ್ಟರು. ಏಟು ಬಿದ್ದಾಗ ಸಲಾಕೆ ಚೂರು ತಿರುಚಿಕೊಂಡು ಅದನ್ನು ನುಂಗುತ್ತದೆ. ಅಂದರೆ ಬಿಗಿಯಾದ ಗೇರ್ ಸಾಲಿಗೆ ಬೇಕೆಂದೇ ಸ್ವಲ್ಪ ಮೆದುತನ ಸೇರಿಸಿದ ಮೇಲೆ ಅದು ಉಳಿಯಿತು. ನಮ್ಮ ಅಂಗಡಿ ಗೇರ್ ಸೆಟ್‌ಗಳಲ್ಲಿ ಇಂಥ ಹಬ್ ಇರುವುದಿಲ್ಲ.

ಹೋಂಡಾ ಬೈಕುಗಳೂ ಗೇರ್ ಕ್ಯಾಮಿಗೆ ಹೆಸರುವಾಸಿ. 1986ರ ವಿಎಫ್‌ಆರ್750, ಆಮೇಲಿನ ಆರ್‌ಸಿ30, 1998ರ ವಿಎಫ್‌ಆರ್800 ಎಲ್ಲದರಲ್ಲೂ ಗೇರ್ ಇತ್ತು. 2002ರಲ್ಲಿ ವಿಟೆಕ್ ಬಂದಾಗ ಅದೇ ವಿಎಫ್‌ಆರ್ ಚೈನಿಗೆ ಬದಲಾಯಿತು. ಗೇರ್ ಇದ್ದರಷ್ಟೇ ರೇಸ್ ಎಂಜಿನ್ ಅನ್ನುವವರಿಗೆ ಇದನ್ನು ತೋರಿಸಿ.

ಇನ್ನೊಂದು ತೊಡಕು ನಾಕ್ ಸೆನ್ಸರ್. ಅದು ಬ್ಲಾಕಿನ ಸದ್ದು ಕೇಳಿಸಿಕೊಂಡು ಪೆಟ್ರೋಲ್ ನಾಕ್ ಆಗುತ್ತಿದೆಯಾ ಅಂತ ಹೇಳುವ ಸಾಧನ. ಗೇರಿನ ಕಿರುಚಾಟವನ್ನೇ ನಾಕ್ ಅಂದುಕೊಂಡು ಕಂಪ್ಯೂಟರ್ ಇಗ್ನಿಷನ್ ಹಿಂದಕ್ಕೆ ಎಳೆಯಬಹುದು. ದುಡ್ಡು ಕೊಟ್ಟು ಶಕ್ತಿ ಕಳೆದುಕೊಂಡಂತೆ. ನಾಕ್ ಸೆನ್ಸರ್ ಇರುವ ಎಂಜಿನ್ನಿಗೆ, ಅದರಲ್ಲೂ ಷೆವಿಯ ಹೊಸ ತಲೆಮಾರಿನ ಎಲ್‌ಎಸ್ ಸರಣಿಯ ವಿ8ಗಳಿಗೆ, ಸದ್ದಿನ ಗೇರ್ ನಾನಂತೂ ಹೇಳುವುದಿಲ್ಲ.

ಗೇರೇ ಬೇಕು ಅಂತಾದರೆ ಬ್ಯಾಕ್‌ಲ್ಯಾಶ್ ಅಳೆಯದೆ ಕವರ್ ಮುಚ್ಚಬೇಡಿ. ಹಲ್ಲು ಹಲ್ಲಿನ ಮಧ್ಯೆ ಬಿಡುವ ಆ ಸಂದು ಎಷ್ಟಿರಬೇಕು ಅನ್ನುವುದು ಸೆಟ್ಟಿನ ಕಾಗದದಲ್ಲಿರುತ್ತದೆ. ಡಯಲ್ ಗೇಜನ್ನು ಕ್ಯಾಮ್ ಗೇರಿನ ಹಲ್ಲಿಗೆ ತಾಗಿಸಿ, ಕ್ರ್ಯಾಂಕ್ ಅಲ್ಲಾಡದಂತೆ ಹಿಡಿದು, ಕ್ಯಾಮನ್ನು ಹಿಂದೆ ಮುಂದೆ ಆಡಿಸಿ. ಒಂದೇ ಕಡೆ ಅಳೆದರೆ ಸಾಲದು, ಸುತ್ತಲೂ ನಾಲ್ಕು ಕಡೆ ನೋಡಿ. ಎಲ್ಲೋ ಒಂದು ಕಡೆ ಸಂದು ಸೊನ್ನೆಯಾದರೆ ಅಲ್ಲಿ ಹಲ್ಲು ತಿನ್ನಲು ಶುರುವಾಗುತ್ತದೆ. ಅಲ್ಯುಮಿನಿಯಂ ಬ್ಲಾಕಾದರೆ ಬಿಸಿಯಾದಾಗ ಸಂದು ಬೆಳೆಯುತ್ತದೆ. 115 ಮಿಮೀ ಅಂತರ 80 ಡಿಗ್ರಿ ಸೆಲ್ಸಿಯಸ್ ಏರಿದರೆ ಬೀಡಿನ ಬ್ಲಾಕಿನಲ್ಲಿ ಸುಮಾರು 0.1 ಮಿಮೀ, ಅಲ್ಯುಮಿನಿಯಂನಲ್ಲಿ ಸುಮಾರು 0.2 ಮಿಮೀ ಹಿಗ್ಗುತ್ತದೆ. ಉಕ್ಕಿನ ಗೇರುಗಳು ಬೀಡಿನ ಜೊತೆ ಸರಿಸಮ ಹಿಗ್ಗುತ್ತವೆ. ಅಲ್ಯುಮಿನಿಯಂ ಜೊತೆ ಹಿಂದೆ ಬೀಳುತ್ತವೆ.

ಹಂತ 5: ಬೆಲ್ಟ್ ಯಾರಿಗೆ?

ಬೆಲ್ಟ್ ಅಂದರೆ ರಬ್ಬರ್, ಸಸ್ತಾ ಮಾಲು ಅನ್ನುವ ಭಾವನೆ ನಮ್ಮಲ್ಲಿದೆ. ಆದರೆ ಹಲ್ಲಿನ ಬೆಲ್ಟ್ ಕ್ಯಾಮ್ ಡ್ರೈವಿನ ಹುಟ್ಟಿನಲ್ಲೇ ರೇಸಿನ ನಂಟಿದೆ. 1950ರ ದಶಕದಲ್ಲಿ ಅಮೆರಿಕದ ಬಿಲ್ ಡೆವಿನ್ ತನ್ನ ಪ್ಯಾನ್‌ಹಾರ್ಡ್ ರೇಸ್ ಕಾರಿನಲ್ಲಿ ಇದನ್ನು ಬಳಸಿದ. ಮಾರಾಟದ ಕಾರಿಗೆ ತಂದದ್ದು ಜರ್ಮನಿಯ ಗ್ಲಾಸ್ ಕಂಪನಿ, 1962ರಲ್ಲಿ, 1004 ಮಾದರಿಯಲ್ಲಿ. ಇವತ್ತು ಅಮೆರಿಕದ ಪ್ರೋ ಸ್ಟಾಕ್ ಡ್ರ್ಯಾಗ್ ಕಾರುಗಳಲ್ಲಿ ಜೆಸೆಲ್‌ನಂಥವರ ಬೆಲ್ಟ್ ಡ್ರೈವ್ ಮಾಮೂಲು.

ಬೆಲ್ಟಿನ ಒಳಗೆ ಗಾಜಿನ ನಾರಿನಂಥ ಹುರಿ ಇರುತ್ತದೆ, ಅದು ಉದ್ದಕ್ಕೆ ಹಿಗ್ಗುವುದಿಲ್ಲ ಅನ್ನಬಹುದು. ಹೊರಗಿನ ರಬ್ಬರ್ ಹಲ್ಲು ಮಾತ್ರ ಸ್ವಲ್ಪ ಮೆದು. ಟೈಮಿಂಗ್ ಹಿಡಿಯುತ್ತದೆ, ನಡುಕವನ್ನು ನುಂಗುತ್ತದೆ. ಡಕ್‌ವರ್ತ್ ಸಲಾಕೆ ಇಟ್ಟು ಮಾಡಿದ ಕೆಲಸವನ್ನು ಇದು ಹುಟ್ಟಿನಿಂದಲೇ ಮಾಡುತ್ತದೆ. ಸ್ಪ್ರಿಂಗ್ ಒತ್ತಡ ಜಾಸ್ತಿ ಇರುವ, ಆರ್‌ಪಿಎಂ ಜಾಸ್ತಿ ಏರುವ ಎಂಜಿನ್ನಿಗೆ ಇದು ಸಣ್ಣ ಲಾಭವಲ್ಲ.

ನನ್ನ ಪ್ರಕಾರ ದೊಡ್ಡ ಲಾಭ ಇನ್ನೊಂದು. ಬೆಲ್ಟ್ ಇರುವುದು ಕವರಿನ ಹೊರಗೆ, ಒಣ ಜಾಗದಲ್ಲಿ. ಕ್ಯಾಮ್ ಪುಲ್ಲಿಯ ಬೋಲ್ಟ್ ಸಡಿಲ ಮಾಡಿ, ಗೀಟು ನೋಡಿ ಸರಿಸಿ, ಮತ್ತೆ ಬಿಗಿದರೆ ಟೈಮಿಂಗ್ ಬದಲಾಯಿತು. ಆಯಿಲ್ ಚೆಲ್ಲುವುದಿಲ್ಲ, ಗ್ಯಾಸ್ಕೆಟ್ ಹರಿಯುವುದಿಲ್ಲ. ಟ್ರ್ಯಾಕಿನ ಪಕ್ಕದಲ್ಲೇ ನಿಂತು ಮಾಡಬಹುದು. ಕ್ಯಾಮ್ ಹಿಂದೆ ಮುಂದೆ ಜಾರದಂತೆ ಹಿಡಿಯುವ ವ್ಯವಸ್ಥೆಯೂ ಒಳ್ಳೆ ಸೆಟ್ಟಿನ ಜೊತೆಗೇ ಬರುತ್ತದೆ, ಅದರ ಪ್ಲೇಯನ್ನು ಶಿಮ್ ಹಾಕಿ ಹೊಂದಿಸಬಹುದು.

ತೊಂದರೆಗಳು? ಬೆಲೆ ಚೈನ್ ಸೆಟ್ಟಿನ ಎಷ್ಟೋ ಪಟ್ಟು. ಮುಂದೆ ಜಾಗ ತಿನ್ನುತ್ತದೆ, ಹಾಗಾಗಿ ವಾಟರ್ ಪಂಪ್, ಡ್ಯಾಂಪರ್, ಪುಲ್ಲಿಗಳ ಸಾಲು ಎಲ್ಲ ಮತ್ತೆ ಅಳೆಯಬೇಕು. ಕ್ಯಾಮ್ ಸೀಲ್, ಕ್ರ್ಯಾಂಕ್ ಸೀಲ್ ಸೋರಿ ಬೆಲ್ಟಿಗೆ ಆಯಿಲ್ ತಾಗಿದರೆ ಆ ಬೆಲ್ಟನ್ನು ಮತ್ತೆ ನಂಬಬೇಡಿ. ಮಣ್ಣಿನ ರಸ್ತೆಯಲ್ಲಿ ಓಡುವ ಗಾಡಿಗೆ ತೆರೆದ ಬೆಲ್ಟ್ ಹಾಕುವುದೂ ಬೇಡ. ಒಂದು ಕಲ್ಲು ಹಲ್ಲಿನ ಮಧ್ಯೆ ಸಿಕ್ಕಿದರೆ ಸಾಕು. ಬೆಲ್ಟನ್ನು ತಿರುಚಿ, ಮಡಿಸಿ ಇಡಬಾರದು, ಒಳಗಿನ ಹುರಿ ಮುರಿದಿದ್ದರೂ ಹೊರಗಿನಿಂದ ಕಾಣುವುದಿಲ್ಲ. ಬ್ಲಾಕ್ ಬಿಸಿಯಾಗಿ ಹಿಗ್ಗಿದಾಗ ಬೆಲ್ಟ್ ಇನ್ನೂ ಬಿಗಿಯಾಗುತ್ತದೆ. ಹಾಗಾಗಿ ತಣ್ಣಗಿದ್ದಾಗ ಕಂಪನಿ ಹೇಳಿದ್ದಕ್ಕಿಂತ ಬಿಗಿ ಮಾಡಬಾರದು.

ಹಂತ 6: ಈಗ ತೀರ್ಮಾನ

ರಸ್ತೆಗೆ, ಹೈಡ್ರಾಲಿಕ್ ಟ್ಯಾಪೆಟ್, 6500 ಆರ್‌ಪಿಎಂ ಒಳಗೆ: ಒಳ್ಳೆ ಡಬಲ್ ರೋಲರ್ ಚೈನ್. ಇದರಲ್ಲಿ ಚರ್ಚೆಯೇ ಇಲ್ಲ. ಉಳಿದ ದುಡ್ಡು ವಾಲ್ವ್ ಸ್ಪ್ರಿಂಗಿಗೆ ಹಾಕಿ.

ವಾರದ ಕೊನೆಯ ಟ್ರ್ಯಾಕ್ ಗಾಡಿಗೂ ಚೈನೇ, ಎರಡು ತುಂಡಿನ ಕವರ್ ಜೊತೆ.

ಬೀಡಿನ ಬ್ಲಾಕ್, ಗಂಟೆಗಟ್ಟಲೆ ಒಂದೇ ಆರ್‌ಪಿಎಂನಲ್ಲಿ ದುಡಿಯುವ ಎಂಜಿನ್, ಟೈಮಿಂಗ್ ಮತ್ತೆ ಮುಟ್ಟುವುದಿಲ್ಲ, ಎಲೆಕ್ಟ್ರಾನಿಕ್ ಸೆನ್ಸರ್ ಕಾಟ ಇಲ್ಲ: ಗಟ್ಟಿ ಐಡ್ಲರಿನ ಗೇರ್ ಯೋಚಿಸಬಹುದು. ತೇಲುವ ಐಡ್ಲರ್ ಸೆಟ್ಟನ್ನು ಸದ್ದಿಗೆ ಬೇಕಾದರೆ ಹಾಕಿಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಶಕ್ತಿ ಬರುತ್ತದೆ ಅಂತ ಮಾತ್ರ ಹಾಕಬೇಡಿ.

ಸಾಲಿಡ್ ರೋಲರ್, ಭಾರಿ ಸ್ಪ್ರಿಂಗ್, ಎತ್ತರಿಸಿದ ಕ್ಯಾಮ್, ಡೈನೋ ಮೇಲೆ ಮತ್ತೆ ಮತ್ತೆ ಹೊಂದಿಸುವ ಕೆಲಸ: ಬೆಲ್ಟ್. ದುಬಾರಿ ಅನಿಸುತ್ತದೆ, ಆದರೆ ಆ ಮಟ್ಟದ ಎಂಜಿನ್ನಿನ ಒಟ್ಟು ಖರ್ಚಿನಲ್ಲಿ ಇದು ದೊಡ್ಡ ಪಾಲಲ್ಲ.

ಹಂತ 7: ಯಾವುದೇ ಡ್ರೈವ್ ಇರಲಿ, ಡಿಗ್ರಿ ಅಳೆಯಿರಿ

ಸ್ಪ್ರಾಕೆಟ್‌ಗಳ ಮೇಲಿನ ಗುರುತು ನೋಡಿ ಚುಕ್ಕಿಗೆ ಚುಕ್ಕಿ ಸೇರಿಸಿ ಮುಚ್ಚಿಬಿಡುವವರು ಬಹಳ. ಕ್ಯಾಮ್ ಕೊರೆದಾಗಿನ ವ್ಯತ್ಯಾಸ, ಪಿನ್ನಿನ ವ್ಯತ್ಯಾಸ, ಕೀವೇ ವ್ಯತ್ಯಾಸ ಸೇರಿದರೆ ಎರಡು ಮೂರು ಡಿಗ್ರಿ ಆಚೀಚೆ ಆಗುವುದು ಕಷ್ಟವೇನಲ್ಲ. ದುಬಾರಿ ಬೆಲ್ಟ್ ಹಾಕಿ ಡಿಗ್ರಿ ಅಳೆಯದವನಿಗಿಂತ ಮಾಮೂಲಿ ಚೈನ್ ಹಾಕಿ ಅಳೆದವನ ಎಂಜಿನ್ ಚೆನ್ನಾಗಿ ಓಡುತ್ತದೆ.

ಬೇಕಾದದ್ದು ಡಿಗ್ರಿ ವೀಲ್, ಡಯಲ್ ಗೇಜ್, ಪಿಸ್ಟನ್ ತಡೆಯಲು ಒಂದು ಸ್ಟಾಪ್, ದಪ್ಪ ತಂತಿಯ ಮುಳ್ಳು.

ಮೊದಲು ಒಂದನೇ ಸಿಲಿಂಡರಿನ ನಿಜವಾದ ಟಿಡಿಸಿ, ಅಂದರೆ ಪಿಸ್ಟನ್ ತೀರಾ ಮೇಲಿರುವ ಜಾಗ, ಹುಡುಕಿ. ಹೆಡ್ ಇಲ್ಲದಾಗ ಬೋರಿನ ಮೇಲೆ ಅಡ್ಡ ಪಟ್ಟಿ ಕಟ್ಟಿ, ಅದರ ಬೋಲ್ಟ್ ಪಿಸ್ಟನ್ನಿಗೆ ತಾಗುವಂತೆ ಇಳಿಸಿ. ಕ್ರ್ಯಾಂಕನ್ನು ಕೈಯಲ್ಲೇ ತಿರುಗಿಸಿ, ತಾಗಿದಾಗ ಡಿಗ್ರಿ ಬರೆದುಕೊಳ್ಳಿ. ಉಲ್ಟಾ ತಿರುಗಿಸಿ ಇನ್ನೊಂದು ಬದಿಯಲ್ಲೂ ಬರೆದುಕೊಳ್ಳಿ. ಒಂದು ಕಡೆ 28, ಇನ್ನೊಂದು ಕಡೆ 32 ಬಂದರೆ ಎರಡೂ ಕಡೆ 30 ಬರುವವರೆಗೆ ಮುಳ್ಳು ಸರಿಸಿ. ಈಗ ವೀಲಿನ ಸೊನ್ನೆಯೇ ಟಿಡಿಸಿ. ಪಿಸ್ಟನ್ ಮೇಲೆ ಬಂದು ನಿಂತಂತೆ ಕಾಣುವ ಜಾಗವನ್ನು ಕಣ್ಣಂದಾಜಿನಲ್ಲಿ ಟಿಡಿಸಿ ಅನ್ನಬೇಡಿ, ಅಲ್ಲಿ ಕ್ರ್ಯಾಂಕ್ ಕೆಲವು ಡಿಗ್ರಿ ತಿರುಗಿದರೂ ಪಿಸ್ಟನ್ ಕದಲಿದ್ದು ಗೊತ್ತಾಗುವುದಿಲ್ಲ.

ಆಮೇಲೆ ಸ್ಟಾಪ್ ತೆಗೆದು, ಡಯಲ್ ಗೇಜನ್ನು ಒಂದನೇ ಸಿಲಿಂಡರಿನ ಇನ್‌ಟೇಕ್ ಟ್ಯಾಪೆಟ್ಟಿನ ಮೇಲೆ ನಿಲ್ಲಿಸಿ. ಗರಿಷ್ಠ ಎತ್ತರದಲ್ಲಿ ಗೇಜ್ ಸೊನ್ನೆ ಮಾಡಿ. ಹಿಂದಕ್ಕೆ 100 ಥೌ ದಾಟುವಷ್ಟು ತಿರುಗಿಸಿ, ಮತ್ತೆ ಮುಂದಕ್ಕೆ ಬರುತ್ತಾ 50 ಥೌ ಇರುವಾಗ ಡಿಗ್ರಿ ಬರೆಯಿರಿ. ಹಾಗೇ ಮುಂದೆ ಹೋಗಿ ಮೂಗು ದಾಟಿ 50 ಥೌ ಇಳಿದಾಗ ಮತ್ತೆ ಬರೆಯಿರಿ. ಮೊದಲನೆಯದು 70, ಎರಡನೆಯದು 142 ಅಂದುಕೊಳ್ಳಿ. ಕೂಡಿಸಿ ಅರ್ಧ ಮಾಡಿದರೆ 106. ಕ್ಯಾಮ್ ಜೊತೆ ಬರುವ ಕಾರ್ಡಿನಲ್ಲಿ 106 ಅಂತಿದ್ದರೆ ಕೆಲಸ ಮುಗಿಯಿತು. 108 ಬಂದರೆ ಕ್ಯಾಮ್ 2 ಡಿಗ್ರಿ ಹಿಂದಿದೆ, ಮುಂದಕ್ಕೆ ತನ್ನಿ. ಏರುವ ಇಳಿಯುವ ಬದಿಗಳು ಬೇರೆ ಬೇರೆ ಆಕಾರದ ಲೋಬಾದರೆ ಈ ದಾರಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಅಂಥ ಕ್ಯಾಮಿಗೆ ಕಾರ್ಡಿನಲ್ಲಿ ಕೊಟ್ಟಿರುವ 50 ಥೌ ತೆರೆಯುವ, ಮುಚ್ಚುವ ಡಿಗ್ರಿಗಳನ್ನೇ ನೋಡಿ.

ಅಳೆಯುವಾಗ ಕೊನೆಯ ತಿರುವು ಯಾವಾಗಲೂ ಎಂಜಿನ್ ತಿರುಗುವ ದಿಕ್ಕಿನಲ್ಲೇ ಇರಲಿ. ದಾಟಿಹೋದರೆ ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಬನ್ನಿ. ಇಲ್ಲದಿದ್ದರೆ ಚೈನಿನ ಸಡಿಲವನ್ನೇ ಕ್ಯಾಮಿನ ಡಿಗ್ರಿ ಅಂತ ಓದಿಬಿಡುತ್ತೀರಿ.

ಟೈಮಿಂಗ್ ಸರಿಸಿದರೆ ವಾಲ್ವಿಗೂ ಪಿಸ್ಟನ್ನಿಗೂ ಮಧ್ಯದ ಜಾಗ ಮತ್ತೆ ನೋಡಬೇಕು. ಕ್ಯಾಮ್ ಮುಂದೆ ತಂದರೆ ಇನ್‌ಟೇಕ್ ವಾಲ್ವ್ ಪಿಸ್ಟನ್ನಿಗೆ ಹತ್ತಿರ ಬರುತ್ತದೆ, ಹಿಂದೆ ತಳ್ಳಿದರೆ ಎಕ್ಸಾಸ್ಟ್ ಹತ್ತಿರ ಬರುತ್ತದೆ. ಮಕ್ಕಳ ಆಟದ ಕ್ಲೇ ಪಿಸ್ಟನ್ ಮೇಲೆ ಅಂಟಿಸಿ, ಹೆಡ್ ಬಿಗಿದು ಎರಡು ಸುತ್ತು ಕೈಯಲ್ಲಿ ತಿರುಗಿಸಿ, ಬಿಚ್ಚಿ, ಬ್ಲೇಡಿನಲ್ಲಿ ಕೊಯ್ದು ದಪ್ಪ ಅಳೆಯಿರಿ. ಇನ್‌ಟೇಕಿಗೆ 80 ಥೌ, ಅಂದರೆ 2 ಮಿಮೀ. ಎಕ್ಸಾಸ್ಟಿಗೆ 100 ಥೌ, 2.5 ಮಿಮೀ. ಇದಕ್ಕಿಂತ ಕಡಿಮೆ ಬಂದರೆ ಮುಂದುವರಿಯಬೇಡಿ.

ಸ್ಮಾಲ್ ಬ್ಲಾಕಿನಲ್ಲಿ ಹೊಸಬರು ಬೀಳುವ ಹಳ್ಳ ಇನ್ನೊಂದಿದೆ. ಕ್ರ್ಯಾಂಕ್ ಚುಕ್ಕಿ ಮೇಲೆ, ಕ್ಯಾಮ್ ಚುಕ್ಕಿ ಕೆಳಗೆ, ಎರಡೂ ಎದುರುಬದುರಾಗಿ ನಿಂತಾಗ ಹೊತ್ತಿಕೊಳ್ಳುವುದು ಆರನೇ ಸಿಲಿಂಡರ್, ಒಂದನೆಯದಲ್ಲ. ಹಾಗೇ ಡಿಸ್ಟ್ರಿಬ್ಯೂಟರನ್ನು ಒಂದಕ್ಕೆ ಕೂರಿಸಿದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ, ಕಾರ್ಬ್ಯುರೇಟರಿನಿಂದ ಬೆಂಕಿ ಉಗುಳುತ್ತದೆ. ಕ್ರ್ಯಾಂಕ್ ಒಂದು ಪೂರ್ತಿ ಸುತ್ತು ತಿರುಗಿಸಿ ಆಮೇಲೆ ಕೂರಿಸಿ. ಮೂರು ಕೀವೇ ಸ್ಪ್ರಾಕೆಟ್ಟಿನಲ್ಲಿ ಒಂದೊಂದು ಕೀವೇಗೂ ಅದರದೇ ಗುರುತಿನ ಹಲ್ಲು ಇರುತ್ತದೆ, ಬೇರೆಯದಕ್ಕೆ ಜೋಡಿಸಬೇಡಿ. ಕ್ಯಾಮ್ ಬೋಲ್ಟ್ ಮೂರಕ್ಕೂ ಲಾಕ್‌ಟೈಟ್ ಹಚ್ಚಿ ಸುಮಾರು 20 ಫುಟ್ ಪೌಂಡಿಗೆ ಬಿಗಿಯಿರಿ.

ರೋಲರ್ ಕ್ಯಾಮ್ ಹಾಕುವವರು ಇನ್ನೊಂದು ಗಮನಿಸಿ. ಹಳೇ ಫ್ಲ್ಯಾಟ್ ಟ್ಯಾಪೆಟ್ ಕ್ಯಾಮಿನ ಲೋಬ್ ಸ್ವಲ್ಪ ಓರೆ ಇರುವುದರಿಂದ ಅದು ತಾನಾಗಿ ಹಿಂದಕ್ಕೆ ಒತ್ತಿಕೊಂಡಿರುತ್ತದೆ. ರೋಲರ್ ಕ್ಯಾಮಿಗೆ ಆ ಓರೆ ಇಲ್ಲ, ಮುಂದೆ ಹಿಂದೆ ಜಾರಾಡುತ್ತದೆ. ಜಾರಿದರೆ ಡಿಸ್ಟ್ರಿಬ್ಯೂಟರ್ ಗೇರ್ ತಿರುಗಿ ಇಗ್ನಿಷನ್ ಟೈಮಿಂಗ್ ಅಲ್ಲಾಡುತ್ತದೆ. ತಡೆಪಟ್ಟಿ ಇಲ್ಲದ ಹಳೇ ಬ್ಲಾಕಿಗೆ ಕ್ಯಾಮ್ ಬಟನ್, ಅಂದರೆ ಕ್ಯಾಮ್ ಮುಂದಕ್ಕೆ ಜಾರದಂತೆ ತಡೆಯುವ ಗುಂಡಿ, ಹಾಕಲೇಬೇಕು, ಅದು ಒತ್ತುವ ಕವರ್ ತೆಳು ತಗಡಿನದಾದರೆ ಬಾಗುತ್ತದೆ. ಗಟ್ಟಿ ಕವರ್ ಹಾಕಿ.

ಹಂತ 8: ಬಿಚ್ಚದೆ ಚೈನ್ ನೋಡುವುದು

ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆಯಿರಿ. ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಒಂದು ದಿಕ್ಕಿಗೆ ತಿರುಗಿಸಿ, ರೋಟರ್ ಕದಲಿದ ತಕ್ಷಣ ನಿಲ್ಲಿಸಿ. ಡ್ಯಾಂಪರ್ ಮೇಲೆ ಸೀಮೆಸುಣ್ಣದ ಗೀಟು ಹಾಕಿ. ಈಗ ನಿಧಾನವಾಗಿ ಉಲ್ಟಾ ತಿರುಗಿಸಿ. ರೋಟರ್ ಮತ್ತೆ ಅಲ್ಲಾಡುವವರೆಗೆ ಕ್ರ್ಯಾಂಕ್ ಎಷ್ಟು ಡಿಗ್ರಿ ಬಂತು ನೋಡಿ. ಎಂಟು ಹತ್ತು ಡಿಗ್ರಿ ಬಂದರೂ ರೋಟರ್ ಸುಮ್ನಿದ್ದರೆ ಚೈನ್ ಬದಲಾಯಿಸುವ ಹೊತ್ತಾಯಿತು. ಡಿಸ್ಟ್ರಿಬ್ಯೂಟರ್ ಗೇರಿನ ಪ್ಲೇಯೂ ಇದರಲ್ಲಿ ಸೇರಿರುತ್ತದೆ. ಹಾಗಾಗಿ ಹೊಸ ಚೈನ್ ಹಾಕಿದ ದಿನವೇ ಒಮ್ಮೆ ಅಳೆದು ಬರೆದಿಟ್ಟುಕೊಂಡರೆ ಮುಂದೆ ಹೋಲಿಸಲು ಸುಲಭ.

ನಮ್ಮ ಕಡೆಯ ಎಂಜಿನ್‌ಗಳು

ಪುಶ್‌ರಾಡಿನ ಹಳೇ ಬುಲೆಟ್ಟಿನಲ್ಲಿ ಕ್ಯಾಮ್ ತಿರುಗಿಸುವುದು ಗೇರ್. 2020ರ ಮೀಟಿಯೋರ್ 350 ಜೊತೆ ಬಂದ ಹೊಸ ಎಂಜಿನ್ನಿನಲ್ಲಿ ಕ್ಯಾಮ್ ಹೆಡ್ಡಿಗೆ ಹೋಯಿತು, ಡ್ರೈವ್ ಚೈನಾಯಿತು. ಅಷ್ಟು ದೂರಕ್ಕೆ ಗೇರ್ ಸಾಲು ಕಟ್ಟುವುದಕ್ಕಿಂತ ಚೈನ್ ಹಗುರ, ಅಗ್ಗ.

ಜಿಪ್ಸಿ, ಎಸ್ಟೀಮ್‌ಗಳ 1.3 ಲೀಟರ್ ಸುಝುಕಿ ಎಂಜಿನ್ನಿನಲ್ಲಿ ಬೆಲ್ಟ್. ಚಿಕ್ಕಮಗಳೂರಿನ ಕಾಫಿ ತೋಟಗಳ ರ‍್ಯಾಲಿಗಳಲ್ಲಿ ಈ ಎಂಜಿನ್‌ಗಳು ದುಡಿದದ್ದು ಎಲ್ಲರಿಗೂ ಗೊತ್ತು. ಇಲ್ಲಿ ಡ್ರೈವ್ ಬದಲಾಯಿಸುವ ಪ್ರಶ್ನೆ ಇಲ್ಲ, ಹೊಂದಿಸುವ ಕ್ಯಾಮ್ ಪುಲ್ಲಿ ಹಾಕಬಹುದು ಅಷ್ಟೇ. ಅದರ ಅಗತ್ಯ ಬರುವುದು ಹೆಡ್ ಫೇಸಿಂಗ್, ಅಂದರೆ ಹೆಡ್ಡಿನ ತಳ ಉಜ್ಜಿ ಸಮ ಮಾಡುವ ಕೆಲಸ, ಆದ ಮೇಲೆ. ಹೆಡ್ ತೆಳುವಾದಷ್ಟೂ ಕ್ಯಾಮ್ ಕ್ರ್ಯಾಂಕಿಗೆ ಹತ್ತಿರ ಬರುತ್ತದೆ. ಹೆಚ್ಚಾದ ಬೆಲ್ಟನ್ನು ಟೆನ್ಷನರ್ ಸಡಿಲ ಬದಿಯಿಂದ ಎಳೆದುಕೊಳ್ಳುತ್ತದೆ, ಬಿಗಿ ಬದಿ ಗಿಡ್ಡವಾಗಿ ಕ್ಯಾಮ್ ಹಿಂದೆ ಬೀಳುತ್ತದೆ. 50 ಮಿಮೀ ತ್ರಿಜ್ಯದ ಪುಲ್ಲಿಯಲ್ಲಿ ಅರ್ಧ ಮಿಮೀ ಫೇಸಿಂಗಿಗೆ ಕ್ರ್ಯಾಂಕ್ ಲೆಕ್ಕದಲ್ಲಿ ಒಂದು ಡಿಗ್ರಿಗಿಂತ ಸ್ವಲ್ಪ ಜಾಸ್ತಿಯೇ ಹೋಗುತ್ತದೆ. ಮಾಮೂಲಿ ಪುಲ್ಲಿಯಲ್ಲಿ ಒಂದು ಹಲ್ಲು ಸರಿಸಿದರೆ ಎಷ್ಟೋ ಡಿಗ್ರಿ ಹಾರಿಬಿಡುತ್ತದೆ, ಒಂದೇ ಡಿಗ್ರಿ ತರಲು ಆಗುವುದಿಲ್ಲ. ಫೇಸಿಂಗ್ ಮಾಡಿಸಿ ತಂದ ಹೆಡ್ಡಿಗೆ ಮೊದಲು ಎತ್ತರ ಅಳೆಯಿರಿ, ಎಷ್ಟು ಹೋಗಿದೆ ಲೆಕ್ಕ ಹಾಕಿ, ಆಮೇಲೆ ಪುಲ್ಲಿ ಕೊಳ್ಳಿ.